ಕಾಲಡಿಯ ಪೆಟ್ಟಿಗೆ

ಮಾರ್ಚ್ 3, ಸೋಮವಾರ

ನಮ್ಮ ಕಚೇರಿಯ ಉದ್ದನೆಯವನು ಕೆಲಸ ಬಿಟ್ಟು ಹೋದ. ವಿಮಾನದಲ್ಲಿ ಎದ್ದು ನಿಂತಾಗಲೆಲ್ಲ ತಲೆ ಬಡಿಸಿಕೊಳ್ಳುತ್ತಿದ್ದವನಿಗೆ ಕಡೆಗೂ ನೆಲದ ಮೇಲಿನ ಕೆಲಸ ಸಿಕ್ಕಿದೆ. ಬೀಳ್ಕೊಡುವಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಅವನ ಪಾಲಿನ ಊರುಗಳೆಲ್ಲ ನನ್ನ ತಲೆಗೆ ಬಂದವು. ಆಮೇಲೆ ನಗು ಬರಲಿಲ್ಲ.

"ಹೊಸಬರು ಬರೋವರೆಗೆ ನೀವೇ ಹೇಗಾದ್ರೂ ಸುಧಾರಿಸಿ," ಎಂದರು ಮೇಲಧಿಕಾರಿ. ಹೊಸಬರು ಯಾವಾಗ ಬರುತ್ತಾರೆ ಎಂದು ಕೇಳಿದೆ. "ನೋಡೋಣ" ಎಂದರು. ರಜೆ ಕೇಳಿದರೂ ನೋಡೋಣ, ಕುರ್ಚಿ ಕಾಲು ಮುರಿದಿದೆ ಎಂದರೂ ನೋಡೋಣ. ನಮ್ಮ ಕಚೇರಿಯಲ್ಲಿ ಅವರ ಹೆಸರೇ ನೋಡೋಣ ಎಂದಾಗಿಹೋಗಿದೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರ ನಮ್ಮದು. ಮಾರುವವರು ಮಾರಿ ಹೋಗುತ್ತಾರೆ. ಆಮೇಲೆ ಆಸ್ಪತ್ರೆಗೆ ಹೋಗಿ ಅಲ್ಲಿನ ನರ್ಸ್‌ಗಳಿಗೆ ಅದನ್ನು ಬಳಸುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ಇಷ್ಟು ದಿನ ತಿಂಗಳಿಗೆ ಒಂದೆರಡು ಊರು. ಇನ್ನು ವಾರಕ್ಕೆ ಅಷ್ಟು.

ನನಗೆ ವಿಮಾನದ ಭಯವಿಲ್ಲ, ಸಿದ್ಧತೆ ಇದೆ. ಔಷಧಿ, ಗುರುತಿನ ಚೀಟಿಯ ನಕಲು, ಒಂದು ಜೊತೆ ಬಟ್ಟೆ ಯಾವಾಗಲೂ ಕೈಚೀಲದಲ್ಲೇ. ಮೇಲೇರುವಾಗ ಇಳಿಯುವಾಗ ಶೂ ಬಿಚ್ಚುವುದಿಲ್ಲ. ತುರ್ತು ಬಾಗಿಲು ಎಲ್ಲಿದೆ ಎಂದು ಕೂರುವ ಮುಂಚೆ ನೋಡಿಕೊಳ್ಳುತ್ತೇನೆ. ಹೋಟೆಲ್ಲಿನಲ್ಲಿ ಕೋಣೆಯ ಸಂಖ್ಯೆಯನ್ನು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರೆ ಆ ಕೋಣೆ ಬೇಡವೆನ್ನುತ್ತೇನೆ. ರಾತ್ರಿ ಬಾಗಿಲ ಸಂದಿಗೆ ರಬ್ಬರಿನ ಬೆಣೆ. ಕಚೇರಿಯವರು ನನಗಿಟ್ಟ ಹೆಸರು ಮುಂಜಾಗ್ರತೆ. ಇಟ್ಟುಕೊಳ್ಳಲಿ.

ಸಂಜೆ ಅತ್ತೆಗೆ ಹೇಳಿದೆ. ಕನ್ನಡಕ ಒರೆಸುತ್ತಿದ್ದವರು ಮುಖ ಎತ್ತದೆ, "ಹಾಗಾದ್ರೆ ಹೋಗೋ ವಿಮಾನ ಯಾವ್ದು, ಸೀಟು ಯಾವ್ದು, ಎಲ್ಲಾ ಹೇಳ್ಬಿಟ್ಟು ಹೋಗು," ಎಂದರು. ಪ್ರತಿ ಸಲವೂ ಇದೇ. ಪೊಲೀಸ್ ಠಾಣೆಯಲ್ಲೂ ಇಷ್ಟು ಕೇಳಲಾರರು.

ಅವರ ಮಗ, ನನ್ನ ಗಂಡ, ಕಾಯಿಲೆಯಾಗಿ ಹೋಗಿ ವರ್ಷಗಳಾದವು. ಆಮೇಲೂ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಇರಿ ಎಂದು ನಾನು ಹೇಳಿದವಳಲ್ಲ, ಇರುತ್ತೇನೆ ಎಂದು ಅವರೂ ಅಂದವರಲ್ಲ. ಈಗ ಮೇ ತಿಂಗಳಿಗೆ ಅವರು ಮಗಳ ಮನೆಗೆ ಹೊರಡುವ ಮಾತು ಬಂದಿದೆ. ನಾದಿನಿ ಅಲ್ಲಿ ಕೋಣೆಗೆ ಬಣ್ಣ ಹೊಡೆಸುತ್ತಿದ್ದಾಳಂತೆ. ಯಾರೂ ಏನೂ ಕೇಳದ ಮನೆಯಲ್ಲಿ ಕಾಲು ಚಾಚಿ ಚಹಾ ಕುಡಿಯುವುದು ಹೇಗಿರುತ್ತದೋ. ಮೇ ಬರಲಿ.

ಮಾರ್ಚ್ 6, ಗುರುವಾರ

ತಪಾಸಣೆಯವರು ಇವತ್ತೂ ಪೆಟ್ಟಿಗೆ ತೆರೆಸಿದರು. ಒಳಗೆ ಯಂತ್ರದ ಮಾದರಿ ಭಾಗಗಳ ಜೊತೆ ಒಂದು ರಬ್ಬರಿನ ಕೂಸಿದೆ. ಪರದೆಯಲ್ಲಿ ಅದನ್ನು ಕಂಡವರ ಮುಖ ನೋಡಬೇಕು. "ಮೇಡಂ, ಇದು..." ಎಂದು ನಿಲ್ಲಿಸಿದಳು ತಪಾಸಣೆಯ ಯುವತಿ. "ಹೆದರ್ಬೇಡಿ, ಅಳಲ್ಲ," ಎಂದೆ. ಅವಳು ನಗಲಿಲ್ಲ. ಹಿಂದೆ ನಿಂತಿದ್ದ ಮುದುಕರು ನಕ್ಕರು.

ಈ ಪೆಟ್ಟಿಗೆಯನ್ನು ಸರಕಿನ ಜೊತೆ ಹಾಕುವಂತಿಲ್ಲ, ಹಾಕಿದರೆ ಒಳಗಿನದು ಒಡೆಯುತ್ತದೆ. ತಲೆಯ ಮೇಲಿನ ಗೂಡಿಗೆ ಹಿಡಿಸುವುದಿಲ್ಲ. ಹಾಗಾಗಿ ಮುಂದಿನ ಸೀಟಿನ ಕೆಳಗೆ, ಅಂದರೆ ನನ್ನ ಕಾಲಿಡುವ ಜಾಗದಲ್ಲಿ. ಕಾಲು ಮಡಚಿ ಒಂದು ಪಕ್ಕಕ್ಕೆ ಒತ್ತಿಕೊಂಡು ಕೂರಬೇಕು. ಅಭ್ಯಾಸವಾಗಿದೆ. ಕಿಟಕಿಯ ಸೀಟೇ ಕೇಳುತ್ತೇನೆ. ಒರಗಿ ನಿದ್ದೆ ಮಾಡಬಹುದು, ಯಾರೂ ದಾಟಿಕೊಂಡು ಹೋಗುವುದಿಲ್ಲ. ನೀರು ಕುಡಿಯುವುದಿಲ್ಲ. ಕುಡಿದರೆ ಏಳಬೇಕು, ಎದ್ದರೆ ಪಕ್ಕದವರಿಬ್ಬರನ್ನೂ ಎಬ್ಬಿಸಬೇಕು.

ಇಳಿದ ಕೂಡಲೇ ಅತ್ತೆಯ ಫೋನು. "ಊರು ಬಂತಾ?" "ಬಂತು." "ಸರಿ." ಇಟ್ಟರು. ಇಷ್ಟಕ್ಕೆ ಫೋನು.

ಮಾರ್ಚ್ 11, ಮಂಗಳವಾರ

ಒಂದು ಊರಿನಿಂದ ನೇರ ಇನ್ನೊಂದಕ್ಕೆ. ಮನೆಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದಾಗ ಈ ಹೋಟೆಲ್ಲಿನಲ್ಲಿ ಸ್ನಾನದ ಮನೆ ಎಡಕ್ಕೋ ಬಲಕ್ಕೋ ಎಂದು ಒಂದು ಗಳಿಗೆ ತಿಳಿಯಲಿಲ್ಲ.

ಮಾರ್ಚ್ 14, ಶುಕ್ರವಾರ

ಎಡಗಾಲಿನ ಮೀನಖಂಡ ಹಿಡಿದುಕೊಂಡಂತಿದೆ. ನಿನ್ನೆ ಪೆಟ್ಟಿಗೆಯ ಮೂಲೆ ಒತ್ತಿದ್ದಿರಬೇಕು. ಬಿಸಿನೀರು ಹುಯ್ದುಕೊಂಡೆ.

ಮುಟ್ಟು ಮುಂದೂಡುವ ಮಾತ್ರೆಯನ್ನು ಈ ಸಲವೂ ಶುರು ಮಾಡಿದ್ದೇನೆ. ಇಡೀ ದಿನ ವಾರ್ಡಿನಲ್ಲಿ ನಿಂತು ಪಾಠ ಹೇಳಿ, ಸಂಜೆ ವಿಮಾನದ ಕಿಟಕಿ ಮೂಲೆಯಲ್ಲಿ ಸಿಕ್ಕಿಕೊಂಡು, ಆ ತಾಪತ್ರಯ ಬೇರೆ ಯಾರಿಗೆ ಬೇಕು. ಹೋದ ತಿಂಗಳೂ ತಗೊಂಡಿದ್ದೆ, ಅದರ ಹಿಂದಿನ ತಿಂಗಳೂ. ಔಷಧಿ ಅಂಗಡಿಯವರು ಈಗ ಚೀಟಿ ಕೇಳುವುದಿಲ್ಲ, ನನ್ನ ಮುಖ ನೋಡಿಯೇ ಕೊಡುತ್ತಾರೆ. ಸಿದ್ಧತೆ ಎಂದರೆ ಇದೂ ಸೇರಿಯೇ.

ಮಾರ್ಚ್ 19, ಬುಧವಾರ

ಎರಡು ದಿನ ಮನೆ. ಅತ್ತೆ ಅಡುಗೆಮನೆಯಿಂದಲೇ ಕೇಳಿದರು, "ಯಾಕೆ ಮೆಟ್ಟಲು ಹತ್ತೋವಾಗ ಒಂದೇ ಕಾಲು ಸದ್ದು ಮಾಡ್ತಿದೆ?"

"ಶೂ ಕಚ್ಚಿದೆ."

"ಎಲ್ಲಿ, ತೋರ್ಸು."

"ಏನಿಲ್ಲ ಬಿಡಿ ಅತ್ತೆ. ಒಂದು ದಿನ ಕೂತರೆ ಹೋಗುತ್ತೆ."

ಸ್ವಲ್ಪ ಹೊತ್ತಾದ ಮೇಲೆ ಒಂದು ಚೊಂಬು ನೀರು ತಂದು ನನ್ನ ಪಕ್ಕದಲ್ಲಿಟ್ಟು ಹೋದರು. ಸಂಜೆ ನೋಡಿದರೆ ನೀರು ಹಾಗೇ ಇತ್ತು. ಕುಡಿಯಬೇಕೆಂದು ನೆನಪಾಗಿರಲಿಲ್ಲ.

ನಾದಿನಿ ಫೋನು ಮಾಡಿದ್ದಳು. ಬಣ್ಣ ತಿಳಿ ಹಳದಿಯಂತೆ. ಅತ್ತೆ, "ಚೆನ್ನಾಗಿರುತ್ತೆ ಬಿಡು," ಎಂದರು. ಅವರಿಗೆ ಹಳದಿ ಸೇರುವುದಿಲ್ಲ ಎಂದು ನನಗೆ ಗೊತ್ತು. ಮಗಳಿಗೆ ಗೊತ್ತಿಲ್ಲವೇನೋ.

ಮಾರ್ಚ್ 23, ಭಾನುವಾರ

ಮಲಗಿದೆ. ಎದ್ದೆ. ತಿಂದೆ. ಮಲಗಿದೆ.

ಮಾರ್ಚ್ 25, ಮಂಗಳವಾರ

ಹೊಸದಾಗಿ ಸೇರಿದ ಮಾರಾಟದವರಿಗೆ ಪ್ರಯಾಣದ ಸುರಕ್ಷತೆಯ ಬಗ್ಗೆ ನಾನೇ ಮಾತಾಡಬೇಕೆಂದು ನೋಡೋಣ ಅವರ ಆಜ್ಞೆ. "ನಿಮ್ಮಷ್ಟು ಚೆನ್ನಾಗಿ ಯಾರು ಹೇಳ್ತಾರೆ?" ಎಂದು ಬೆನ್ನು ತಟ್ಟಿದರು. ಹೊಗಳಿಕೆಗೆ ಖರ್ಚಿಲ್ಲವಲ್ಲ.

ಹೊಗೆ ತುಂಬಿದರೆ ಬಗ್ಗಿ ನಡೆಯಿರಿ, ಸಾಮಾನು ಬಿಟ್ಟು ಓಡಿ ಎಂದೆ. ಅಪರಿಚಿತರು ಇಳಿಯುವುದೆಲ್ಲಿ ಎಂದು ಕೇಳಿದರೆ ಸುಳ್ಳು ಹೇಳಿ, ಪಾಪ ಬರುವುದಿಲ್ಲ ಎಂದೆ. ಟ್ಯಾಕ್ಸಿಯ ಸಂಖ್ಯೆಯನ್ನು ಮನೆಯವರಿಗೆ ಕಳುಹಿಸಿ ಎಂದಾಗ ಹಿಂದಿನ ಸಾಲಿನಲ್ಲಿ ಒಬ್ಬ, "ಮನೇಲಿ ಯಾರೂ ಕಾಯದೋರು ಏನು ಮಾಡ್ಬೇಕು ಮೇಡಂ?" ಎಂದ. ತಮಾಷೆಗೇ ಕೇಳಿದ್ದು. ಎಲ್ಲರೂ ನಕ್ಕರು. "ಪಕ್ಕದ ಮನೆಯವರಿಗೆ ಕಳ್ಸಿ," ಎಂದೆ.

ಬಾಗಿಲ ಬೆಣೆ ತೋರಿಸಿದ್ದು ಎಲ್ಲರಿಗೂ ಹಿಡಿಸಿತು, ಕೈಯಿಂದ ಕೈಗೆ ಹೋಯಿತು. ಅದರಲ್ಲೇ ಹೊತ್ತು ಮುಗಿಯಿತು. ನೀರು ಕುಡಿಯುವುದು, ನಡುನಡುವೆ ಎದ್ದು ಓಡಾಡುವುದು, ಇವೆರಡನ್ನು ಬಿಟ್ಟೆ. ಅದೆಲ್ಲ ಎಲ್ಲರಿಗೂ ಗೊತ್ತಿರುವುದೇ.

ನಿಂತು ಮಾತಾಡುವಾಗ ಎಡಗಾಲು ಕಂಬದ ಹಾಗಿತ್ತು. ಮೇಜಿಗೆ ಒರಗಿಕೊಂಡೇ ಮುಗಿಸಿದೆ.

ಮಾರ್ಚ್ 28, ಶುಕ್ರವಾರ

ದೊಡ್ಡ ಆಸ್ಪತ್ರೆ. ದೂರದ ಊರು, ನಮ್ಮ ಮನೆಯಿಂದ ರೈಲಿನಲ್ಲಾದರೆ ಎರಡು ದಿನದ ದಾರಿ. ಮಂಗಳವಾರದವರೆಗೆ ಇಲ್ಲೇ, ಆಮೇಲೆ ಇಲ್ಲಿಂದ ಇನ್ನೂ ಮುಂದಕ್ಕೆ.

ಇವತ್ತು ಪಾಠದ ನಡುವೆಯೇ ಒಂದು ಕೂಸನ್ನು ತಂದರು. ಹುಟ್ಟಿ ಗಂಟೆಯಾಗಿರಲಿಲ್ಲ. ನನ್ನ ಅಂಗೈ ಮೇಲೆ ಮಲಗಿಸಿದರೆ ಕಾಲು ಮಾತ್ರ ಹೊರಗೆ ಉಳಿಯುವಷ್ಟು. ರಬ್ಬರಿನ ಕೂಸನ್ನು ಪಕ್ಕಕ್ಕಿಟ್ಟು ನಿಜವಾದದ್ದನ್ನು ಮಲಗಿಸಿದೆವು. ಪಾದಕ್ಕೆ ನಾಡಿ ಅಳೆಯುವ ತಂತಿ ಸುತ್ತುವಾಗ ಕಿರಿಯ ನರ್ಸ್ ಬಿಗಿಯಾಗಿ ಎಳೆದರು. "ಗಟ್ಟಿಯಾಗಿ ಕಟ್ಟಬೇಡಿ, ಸಡಿಲ ಆದ್ರೆ ಯಂತ್ರವೇ ಕೂಗಿ ಹೇಳುತ್ತೆ," ಎಂದೆ. ಸ್ವಲ್ಪ ಹೊತ್ತಿಗೆ ಕೂಸಿನ ನೀಲಿ ಬಣ್ಣ ಇಳಿಯಿತು. ಗಾಜಿನಾಚೆ ನಿಂತಿದ್ದ ಅದರ ಅಪ್ಪ ಏನು ಮಾಡಬೇಕೆಂದು ತಿಳಿಯದೆ ನನಗೆ ಕೈ ಮುಗಿದ. ನಾನು ಯಂತ್ರದ ಕಡೆ ಬೆರಳು ತೋರಿಸಿದೆ. ಅವನು ಅದಕ್ಕೂ ಕೈ ಮುಗಿದ.

ಇಂಥ ದಿನಗಳಿಗೋಸ್ಕರವೇ ಈ ಕೆಲಸ ಬಿಡಲಾಗುವುದಿಲ್ಲ.

ಹೊರಡುವಾಗ ವಾರ್ಡಿನ ಹಿರಿಯ ನರ್ಸ್ ಕೇಳಿದರು, "ಯಾಕ್ರೀ, ಕುಂಟ್ತಾ ಇದೀರಿ?"

"ಶೂ ಕಚ್ಚಿದೆ," ಎಂದೆ. ಈ ಶೂ ಬಡಪಾಯಿ, ಎಲ್ಲ ಆಪಾದನೆಯನ್ನೂ ಹೊರುತ್ತಿದೆ.

ಕೋಣೆಗೆ ಬಂದು ಶೂ ಬಿಚ್ಚಲು ಕಷ್ಟವಾಯಿತು. ಎಡಗಾಲು ಬಲಗಾಲಿಗಿಂತ ದಪ್ಪವಾಗಿದೆ, ಮುಟ್ಟಿದರೆ ಬಿಸಿ. ಸುಸ್ತಿಗೆ ಬಾವು ಬಂದಿರಬೇಕು. ದಿಂಬಿನ ಮೇಲಿಟ್ಟು ಮಲಗುತ್ತೇನೆ. ಬಾಗಿಲಿಗೆ ಬೆಣೆ ಹಾಕಿದ್ದೇನೆ.

ಏಪ್ರಿಲ್ 1, ಮಂಗಳವಾರ

ಗೇಟಿನ ಮುಂದೆ ಕೂತಿದ್ದೇನೆ. ಚಲಿಸುವ ಮೆಟ್ಟಿಲು ಕೆಟ್ಟಿತ್ತು, ಪೆಟ್ಟಿಗೆ ಹಿಡಿದು ಹತ್ತಿದೆ. ಹತ್ತಿ ಬಹಳ ಹೊತ್ತಾಯಿತು, ಉಸಿರು ಇನ್ನೂ ಹಿಂದೆಯೇ ಬರುತ್ತಿದೆ. ವಯಸ್ಸಾಯಿತು. ಬಲ ಪಕ್ಕೆಯಲ್ಲಿ ಏನೋ ಚುಚ್ಚಿದಂತೆ. ಬೆಳಿಗ್ಗೆ ತಿಂದ ಬ್ರೆಡ್ಡಿನ ಗಾಳಿ ಇರಬಹುದು.

ಅತ್ತೆಗೆ ಸೀಟು ಹೇಳಬೇಕು. ಹೇಳದಿದ್ದರೆ ಆಕಾಶಕ್ಕೇ ಫೋನು ಮಾಡುತ್ತಾರೆ.

ಏಪ್ರಿಲ್ 4, ಶುಕ್ರವಾರ

ಕೈಗೆ ಸೂಜಿ ಚುಚ್ಚಿಟ್ಟಿದ್ದಾರೆ, ಅಕ್ಷರ ಕಾಗೆಯ ಕಾಲು ಗುಬ್ಬಿಯ ಕಾಲು. ಆದರೂ ಬರೆಯದೆ ಮನಸ್ಸು ಹಗುರಾಗದು.

ಮಂಗಳವಾರ ಅತ್ತೆಗೆ ಫೋನು ಮಾಡಿದೆ. ಸೀಟು ಹೇಳಿದೆ. ಅವರು "ಸರಿ" ಎಂದು ಇಡಲಿಲ್ಲ.

"ಓಡ್ತಾ ಇದೀಯಾ?"

"ಇಲ್ಲ, ಕೂತಿದೀನಿ."

"ಕೂತೋಳಿಗೆ ಏದುಸಿರು ಯಾಕೆ?"

"ಮೆಟ್ಟಲು ಹತ್ತಿದೆ ಅತ್ತೆ."

"ಯಾವಾಗ ಹತ್ತಿದ್ದು?"

ನಾನು ಉತ್ತರಿಸಲಿಲ್ಲ. ಆ ಕಡೆಯೂ ಸದ್ದಿರಲಿಲ್ಲ. ಫೋನಿನಲ್ಲಿ ಅವರು ನನ್ನ ಉಸಿರನ್ನು ಕೇಳುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು.

"ಹತ್ತಬೇಡ," ಎಂದರು.

"ಅತ್ತೆ, ನಾಳೆ ಬೆಳಿಗ್ಗೆ ಅಲ್ಲಿ ವಾರ್ಡಲ್ಲಿ ಎಲ್ಲರೂ ಕಾಯ್ತಿರ್ತಾರೆ. ಇನ್ನೇನು ಕರೀತಾರೆ."

"ಕರೀಲಿ. ಎದ್ದು ಅಲ್ಲಿರೋ ಯಾರಿಗಾದ್ರೂ ಉಸಿರು ಸರಿಯಿಲ್ಲ ಅನ್ನು. ಇಷ್ಟು ವರ್ಷದಲ್ಲಿ ನಿನಗೆ ಒಂದಾದ್ರೂ ಬೇಡ ಅಂದಿದೀನಾ? ಇವತ್ತು ಅಂತೀನಿ."

ನಿಜ. ಅವರು ಅಂದವರಲ್ಲ.

ಸಾಲು ಕದಲಿತು. ಅಭ್ಯಾಸ ನೋಡು, ನಾನು ಪೆಟ್ಟಿಗೆ ಎತ್ತಿಕೊಂಡು ಸಾಲಿನಲ್ಲೇ ನಿಂತೆ. ಫೋನು ಕಿವಿಯಲ್ಲೇ ಇತ್ತು, ಅವರೂ ಇಟ್ಟಿರಲಿಲ್ಲ. ಗೇಟಿನ ಹುಡುಗಿ ಬೋರ್ಡಿಂಗ್ ಪಾಸಿಗೆ ಕೈ ಚಾಚಿದಳು. ನಾನು ಕೊಟ್ಟೆ. ಕೊಟ್ಟು, "ನನಗೆ ಉಸಿರು ಸರಿಯಿಲ್ಲ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಅವಳು ನನ್ನ ತುಟಿ ನೋಡಿದಳು, ಪಾಸು ಹರಿಯಲಿಲ್ಲ, ಯಾರನ್ನೋ ಕರೆದಳು. ಹಿಂದಿನವನೊಬ್ಬ ಹೊತ್ತಾಗುತ್ತಿದೆ ಎಂದು ಗೊಣಗಿದ.

ಗಾಲಿಕುರ್ಚಿ, ನಿಲ್ದಾಣದ ವೈದ್ಯರು, ಆಂಬುಲೆನ್ಸು. ನಡುವೆ ಕೆಲವು ತುಣುಕು ನೆನಪಿಲ್ಲ. ಕರೆತಂದದ್ದು ಎಲ್ಲಿಗೆ ಎಂದರೆ, ಅದೇ ದೊಡ್ಡ ಆಸ್ಪತ್ರೆಗೆ. ಹಿರಿಯ ನರ್ಸ್ ಕೆಳಗಿಳಿದು ಬಂದು ನನ್ನ ಕಾಲಿನ ಹೊದಿಕೆ ಸರಿಸಿ ನೋಡಿದರು. "ಇದೇನಾ ಶೂ ಕಚ್ಚಿದ್ದು?" ಎಂದಷ್ಟೇ ಹೇಳಿದರು.

ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಅದರದೊಂದು ಚೂರು ಹೊರಟು ಶ್ವಾಸಕೋಶಕ್ಕೆ ಹೋಗಿ ಕೂತಿದೆ. ಸಣ್ಣ ಚೂರು. ಮೇಲೆ ಹಾರುವಾಗ ಇನ್ನೊಂದು ದೊಡ್ಡದು ಹೊರಟಿದ್ದರೆ, ಎಂದು ವೈದ್ಯೆ ಅರ್ಧಕ್ಕೆ ನಿಲ್ಲಿಸಿದರು. ವಾರಗಟ್ಟಲೆ ಕಾಲು ಮಡಚಿ ಕೂತದ್ದು, ನೀರು ಕುಡಿಯದಿದ್ದದ್ದು ಎಲ್ಲ ಕೇಳಿ ಬರೆದುಕೊಂಡರು. "ಏನಾದ್ರೂ ಮಾತ್ರೆ ತಗೋತಿದ್ರಾ?" ಎಂದರು. ಹೇಳಿದೆ. "ಯಾರು ಬರ್ಕೊಟ್ಟಿದ್ದು?" ಯಾರೂ ಇಲ್ಲ. ಅವರು ಪೆನ್ನು ಕೆಳಗಿಟ್ಟು, "ಅದೂ ರಕ್ತ ಗಟ್ಟಿ ಮಾಡಬಹುದು, ಇನ್ನು ಮುಟ್ಟಬೇಡಿ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಏಪ್ರಿಲ್ 6, ಭಾನುವಾರ

ಅತ್ತೆ ಬಂದರು. ವಿಮಾನದಲ್ಲಿ. ಒಬ್ಬರೇ.

ನಿನ್ನೆ ನಾದಿನಿ ಟಿಕೆಟ್ ಮಾಡಿಸಿ ಫೋನು ಮಾಡಿದ್ದಳು. ಅತ್ತೆ ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ. ಮಲಗಿದಲ್ಲಿಂದಲೇ ಅವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳತೊಡಗಿದೆ. ಚಪ್ಪಲಿ ಬಿಚ್ಚಬೇಡಿ, ಮಾತ್ರೆ ಕೈಚೀಲದಲ್ಲಿರಲಿ, ಗೊತ್ತಿಲ್ಲದವರ ಸಾಮಾನು ಹಿಡಿಯಬೇಡಿ. ಸ್ವಲ್ಪ ಹೊತ್ತು ಕೇಳಿ, "ಗೊತ್ತು ಬಿಡು. ನೀನು ಹೊರಡೋದು ನೋಡ್ತಾನೇ ಇದೀನಲ್ಲ," ಎಂದರು. ರಾತ್ರಿಯೆಲ್ಲ ನನಗೆ ನಿದ್ದೆಯಿಲ್ಲ. ವಿಮಾನ ಇಳಿಯುವ ಹೊತ್ತು ದಾಟಿದ ಮೇಲೂ ಫೋನು ಬರಲಿಲ್ಲ. ಇವರಿಗೆ ಒಂದು ಮಾತು ಹೇಳಲು ಏನಾಗುತ್ತದೆ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು.

ಕವರಿನಲ್ಲಿ ಹೊಸ ಚಪ್ಪಲಿ. ನನ್ನ ಅಳತೆಗಿಂತ ದೊಡ್ಡದು. "ಬಾವು ಇಳಿಯೋವರೆಗೂ ಹಾಕ್ಕೋ," ಎಂದರು. ಹೊದಿಕೆ ಸರಿಸಿ ಕಾಲು ನೋಡಿದರು. ಆಮೇಲೆ ಕುರ್ಚಿಯ ಮೇಲೆ ಕೂತು ತಮ್ಮ ಪ್ರಯಾಣದ ಕಥೆ ಹೇಳಿದರು.

"ಪಾಪ, ಆ ಗಗನಸಖಿ ಹುಡುಗಿ ಅಷ್ಟು ಮುತುವರ್ಜಿಯಿಂದ ಬಾಗಿಲು ಎಲ್ಲಿ, ಗಾಳಿ ಮುಖವಾಡ ಹೇಗೆ ಅಂತ ಕೈ ಮಾಡಿ ತೋರಿಸ್ತಿದ್ಳು. ಒಬ್ರಾದ್ರೂ ನೋಡಿದ್ರೆ ಕೇಳು. ಎಲ್ಲಾರೂ ಫೋನಲ್ಲಿ ಮುಖ. ನನಗೇ ನಾಚಿಕೆ ಆಯ್ತು. ನಾನೊಬ್ಳೇ ಹೂಂ, ಹೂಂ ಅಂತ ತಲೆ ಆಡಿಸ್ತಾ ಕೂತೆ. ಮುಗಿದ ಮೇಲೆ ಬಂದು ನನಗೇ ಅಂತ ನೀರು ಕೊಟ್ಟು ಹೋದ್ಳು."

"ಎದ್ದು ಓಡಾಡಿದ್ರಾ?"

"ಓಡಾಡದೇನು. ಹಿಂದೆ ಹೋಗಿ ಅವಳ ಜೊತೆ ನಿಂತ್ಕೊಂಡೇ ಬಂದೆ. ಅವಳಿಗೂ ಅತ್ತೆ ಇದಾಳಂತೆ."

ನಗುವಾಗ ಪಕ್ಕೆ ನೋಯುತ್ತದೆ. ನಗಿಸಬೇಡಿ ಎಂದೆ.

ಏಪ್ರಿಲ್ 8, ಮಂಗಳವಾರ

ನೋಡೋಣ ಫೋನು ಮಾಡಿದ್ದರು. ಹುಷಾರಾಗಿ, ಚಿಂತೆ ಬೇಡ, ಕಂಪನಿ ನಿಮ್ಮ ಜೊತೆಗಿದೆ, ಎಂದೆಲ್ಲ ಆದಮೇಲೆ ಗಂಟಲು ಸರಿಮಾಡಿಕೊಂಡು, "ಆ ಮಾದರಿ ಪೆಟ್ಟಿಗೆ ಎಲ್ಲಿದೆ? ಹದಿನಾಲ್ಕಕ್ಕೆ ಇನ್ನೊಂದು ಕಡೆ ಬೇಕಿತ್ತು. ನೀವು ಬರೋವಾಗ ಹೇಗಿದ್ರೂ..." ಎಂದರು.

ನಿಜ ಹೇಳಬೇಕೆಂದರೆ, ತರುತ್ತೇನೆ ಎಂಬ ಮಾತೇ ಬಾಯಿಗೆ ಬರುತ್ತಿತ್ತು. ಅತ್ತೆ ಕೈಚಾಚಿ ಫೋನು ತೆಗೆದುಕೊಂಡರು.

"ನಮಸ್ಕಾರ. ನಾನು ಅವಳ ಅತ್ತೆ. ಪೆಟ್ಟಿಗೆ ಇಲ್ಲೇ ಮಂಚದ ಕೆಳಗೆ ಭದ್ರವಾಗಿದೆ. ಯಾರನ್ನಾದ್ರೂ ಕಳಿಸಿ ತರಿಸ್ಕೊಳ್ಳಿ. ಅವಳು ಹೊತ್ಕೊಂಡು ಬರಲ್ಲ." ಆ ಕಡೆಯಿಂದ ಏನೋ ಅಂದರು. "ನೋಡೋದೇನೂ ಇಲ್ಲ. ವೈದ್ಯರು ನೋಡಿದಾರೆ," ಎಂದು ಇಟ್ಟುಬಿಟ್ಟರು. ಅವರಿಗೆ ಆ ಅಡ್ಡಹೆಸರು ಗೊತ್ತಿಲ್ಲ. ನಗು ತಡೆಯಲು ನಾನು ದಿಂಬಿಗೆ ಮುಖ ಒತ್ತಿಕೊಂಡೆ.

ಏಪ್ರಿಲ್ 12, ಶನಿವಾರ

ಆಸ್ಪತ್ರೆಯಿಂದ ಬಿಟ್ಟರು. ಇನ್ನೂ ಕೆಲವು ವಾರ ವಿಮಾನ ಬೇಡವೆಂದಿದ್ದಾರೆ, ದೂರದ ರೈಲೂ ಈಗಲೇ ಬೇಡ. ಎದುರು ಬೀದಿಯಲ್ಲಿ ಕೋಣೆ ಹಿಡಿದಿದ್ದೇವೆ. ಕೆಳಗೆ ಹೊಲಿಗೆ ಅಂಗಡಿ, ದಿನವಿಡೀ ಯಂತ್ರದ ಟರಟರ. ಒಂದು ಮಂಚ, ಒಂದು ನೆಲಹಾಸಿಗೆ. ಮಂಚ ಯಾರಿಗೆ ಎಂದು ಚರ್ಚೆಯಾಯಿತು. ಸೋತೆ, ಮಂಚ ನನಗೆ.

ಮಾತಿನ ನಡುವೆ ಆ ಹೊಸಬರಿಗೆ ನಾನು ಕೊಟ್ಟ ಉಪನ್ಯಾಸದ ವಿಷಯ ಬಂತು. ಯಾವೆರಡು ಮಾತು ಬಿಟ್ಟೆನೆಂದೂ ಹೇಳಿದೆ. ಅತ್ತೆ ಸೇಬು ಹೆಚ್ಚುತ್ತಿದ್ದವರು ಚಾಕು ನಿಲ್ಲಿಸಿ, "ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ಬಾಣಲೆಗೆ ಬಿತ್ತಂತೆ," ಎಂದರು. ಮತ್ತೆ ಹೆಚ್ಚತೊಡಗಿದರು.

ಸ್ವಲ್ಪ ಹೊತ್ತಾದ ಮೇಲೆ ನಾನು ಕೇಳಿದೆ, "ಅವತ್ತು ಫೋನಲ್ಲಿ ನಿಮಗೆ ಹೇಗೆ ಗೊತ್ತಾಯ್ತು?"

"ನನಗೇನೂ ಗೊತ್ತಾಗ್ಲಿಲ್ಲ. ಭಯ ಆಯ್ತು ಅಷ್ಟೇ." ಸೇಬಿನ ಹೋಳನ್ನು ನನ್ನ ಕೈಗಿಟ್ಟರು. "ಅವನು ಹೋಗೋ ಮುಂಚೆ ಸರಿ ಇದೀನಮ್ಮ, ಸರಿ ಇದೀನಮ್ಮ ಅಂತಾನೇ ಇದ್ದ. ನಾನು ನಂಬಿದೆ. ನೀನು ಹಾಗೇ ಅಂದಾಗ ಈ ಸಲ ನಂಬಬಾರದು ಅನ್ನಿಸ್ತು."

ಅವರು ಮಗನ ಹೆಸರನ್ನು ಹೇಳಲಿಲ್ಲ. ಆದರೆ ನನ್ನ ಗಂಡನ ಬಗ್ಗೆ ನನ್ನೆದುರು ಮಾತಾಡಿ ಬಹಳ ಕಾಲವಾಗಿತ್ತು. ಇಬ್ಬರೂ ಸೇಬು ತಿಂದೆವು. ಹುಳಿಯಿತ್ತು.

ಏಪ್ರಿಲ್ 24, ಗುರುವಾರ

ರೈಲಿನಲ್ಲಿ ಮನೆ ತಲುಪಿದೆವು. ವೈದ್ಯೆಯ ಅಪ್ಪಣೆಯಾಗಿತ್ತು, ಗಂಟೆಗೊಮ್ಮೆ ಎದ್ದು ನಡೆಯಬೇಕೆಂಬ ಷರತ್ತಿನ ಮೇಲೆ. ಬೋಗಿಯ ಈ ತುದಿಯಿಂದ ಆ ತುದಿಗೆ ಇಬ್ಬರೂ ಓಡಾಡಿದ್ದೇ ಓಡಾಡಿದ್ದು. ಟಿಕೆಟ್ ನೋಡುವವರು ಅತ್ತೆಯನ್ನೇ ರೋಗಿಯೆಂದು ತಿಳಿದು ಕೈ ಹಿಡಿದು ಕೂರಿಸಿದರು. ಅತ್ತೆ ತಿದ್ದಲಿಲ್ಲ. ಕಿಟಕಿಯ ಸೀಟು ಸಿಕ್ಕಿತ್ತಲ್ಲ.

ಮನೆಯ ಬೀಗ ತೆಗೆದಾಗ ಧೂಳಿನ ವಾಸನೆ. ನಾದಿನಿಯ ಫೋನು. ಕೋಣೆ ಸಿದ್ಧವಾಗಿದೆಯಂತೆ. "ಈಗೆಲ್ಲಾಗುತ್ತೆ," ಎಂದು ಅತ್ತೆ ಹೇಳುತ್ತಿದ್ದುದು ಕೇಳಿಸಿತು. ಹಾಗಾದರೆ ಯಾವಾಗ ಎಂದು ಅವಳು ಕೇಳಿರಬೇಕು. ನಾನು ಕೇಳಲಿಲ್ಲ. ಕಸ ಗುಡಿಸಬೇಕಿತ್ತು.

ಮೇ 6, ಮಂಗಳವಾರ

ಕಚೇರಿಗೆ ಹೋದೆ. ಎಲ್ಲರೂ ಸುತ್ತ ಸೇರಿದರು. ಪೆಟ್ಟಿಗೆ ನನ್ನ ಮೇಜಿನ ಪಕ್ಕದಲ್ಲೇ ಇತ್ತು, ಯಾರೋ ಹೋಗಿ ತಂದಿದ್ದಾರೆ. ಅಂದರೆ ತರಲು ಯಾರಾದರೂ ಇದ್ದೇ ಇದ್ದರು.

ಮೇಲಧಿಕಾರಿಗೆ ಹೇಳಿದೆ. ಕೆಲಸ ಬಿಡುವುದಿಲ್ಲ. ಬಸ್ಸು ರೈಲಿನಲ್ಲಿ ಹೋಗಿ ಬರುವ ಊರುಗಳು ನನಗಿರಲಿ. ವೈದ್ಯರು ಹಾರಬಹುದು ಎಂದ ಮೇಲೂ ತಿಂಗಳಿಗೆ ಒಂದೇ ಸಲ, ಅದೂ ನಡುದಾರಿಯ ಪಕ್ಕದ ಸೀಟು, ಪೆಟ್ಟಿಗೆಗೆ ಬೇರೆ ವ್ಯವಸ್ಥೆ. ಅವರು ಬಾಯಿ ತೆರೆದರು. ಆ ಪದ ಬರುವ ಮೊದಲೇ, "ಇಲ್ಲಾಂದ್ರೆ ಆಗಲ್ಲ ಸಾರ್," ಎಂದೆ. ಧ್ವನಿ ಏರಿಸಲಿಲ್ಲ. ಏರಿಸುವಷ್ಟು ಶಕ್ತಿಯೂ ಇಲ್ಲ. ಬಹಳ ಹೊತ್ತು ಮೇಜಿನ ಮೇಲಿನ ಪೆನ್ನು ಹೊರಳಿಸಿ, "ಆಯ್ತು," ಎಂದರು. ಅವರ ಬಾಯಲ್ಲಿ ಆ ಮಾತನ್ನು ಕೇಳಿದ್ದು ಇದೇ ಮೊದಲು.

ಹೊಸಬರನ್ನು ಮತ್ತೆ ಕೂರಿಸಿಕೊಂಡು ಬಿಟ್ಟ ಮಾತುಗಳನ್ನು ಹೇಳಿದೆ. ನನ್ನ ಕಾಲನ್ನೂ ತೋರಿಸಿದೆ. ಹಿಂದಿನ ಸಾಲಿನವನು ಈ ಸಲ ಏನೂ ಕೇಳಲಿಲ್ಲ, ತನ್ನ ಬಾಟಲಿಯ ನೀರು ಕುಡಿದ.

ಮೇ 11, ಭಾನುವಾರ

ಸುಸ್ತು ಇನ್ನೂ ಹೋಗಿಲ್ಲ. ಮೂಳೆಯೊಳಗೇ ಎಲ್ಲೋ ಕೂತಿದೆ, ಬಿಟ್ಟುಹೋಗಲು ಅದಕ್ಕೂ ಸಮಯ ಬೇಕಂತೆ. ದಿನಾ ಸಂಜೆ ನಡೆಯಲೇಬೇಕು.

ಇವತ್ತು ಅತ್ತೆಯೂ ಜೊತೆಗೆ ಹೊರಟರು. ಬೀದಿಯ ಮಧ್ಯದಲ್ಲಿ ಅವರ ಮಂಡಿ ಹಠ ಹಿಡಿಯಿತು. ದಿನಸಿ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತರು.

"ನೀನು ನಡಿ. ನಾನಿಲ್ಲೇ ಇರ್ತೀನಿ."

"ಒಬ್ಬರೇ ಇರ್ತೀರಾ?"

"ಬೀದಿ ತುಂಬಾ ಜನ ಇದಾರೆ. ಹೋಗು. ಉದ್ಯಾನದವರೆಗೂ ಹೋಗ್ಬೇಕು ತಾನೇ ನೀನು?"

ಉದ್ಯಾನಕ್ಕೆ ಹೋಗಬೇಕಾದರೆ ತುದಿಯಲ್ಲಿ ಎಡಕ್ಕೆ ತಿರುಗಬೇಕು. ನಾನು ತಿರುವಿನವರೆಗೆ ಹೋದೆ. ಅಲ್ಲಿಂದ ಹಿಂದಕ್ಕೆ ನೋಡಿದರೆ ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಕಡೆಯೇ ನೋಡುತ್ತಿದ್ದರು. ಇನ್ನು ಮುಂದೆ ಹೋದರೆ ಗೋಡೆ ಅಡ್ಡ ಬರುತ್ತದೆ, ಕಾಣುವುದಿಲ್ಲ. ವಾಪಸು ಬಂದೆ. ಬೆಂಚಿನ ಹತ್ತಿರ ಬಂದು ಮತ್ತೆ ತಿರುಗಿ ಹೋದೆ. ಹೀಗೇ ತಿರುವಿನವರೆಗೆ ಹೋಗುವುದು, ಬರುವುದು.

"ಅದೇನು ಗಿರಗಿಟ್ಲೆ ಹಾಗೆ? ಮುಂದಕ್ಕೆ ಹೋಗ್ಬಾರ್ದಾ?" ಎಂದರು ಒಂದು ಸಲ.

"ಇಲ್ಲೇ ನೆರಳಿದೆ," ಎಂದೆ.

ಬಿಸಿಲು ಎಂದೋ ಇಳಿದಿತ್ತು. ಅವರು ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು. ನಾನು ಇನ್ನೊಂದು ಸುತ್ತು ಹೋಗಿ ಬಂದು ಕೂತೆ.